ಕೆ.ಆರ್. ಪುರದ ಗೇಟಿನ ಮೇಲೆ ಹಾರಿದ ಲಾರಿ

ಕೆ.ಆರ್. ಪುರದ ರೈಲ್ವೆ ಗೇಟಿನ ಮೇಲೆ ಲಾರಿಯೊಂದು ಹಾರಿತು ಎಂದು ಮೊಹರು ಬಿದ್ದ ಕಾಗದದಲ್ಲಿ ದಾಖಲಾಗಿರುವುದು, ನನಗೆ ತಿಳಿದಿರುವ ಮಟ್ಟಿಗೆ, ಒಂದೇ ಸಲ. ಆ ಕಾಗದವನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿದವಳು ನಾನು. ಅದನ್ನು ಜೋಪಾನವಾಗಿ ತಪ್ಪು ಕಡತದಲ್ಲಿ ಇಟ್ಟವಳೂ ನಾನೇ. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುವ ಹೊಣೆ ನನ್ನ ಮೇಲಿದೆ.

ನಮ್ಮ ಯಜಮಾನರು ವೆಂಕಟಸುಬ್ಬಯ್ಯನವರು ಒಂದು ವಿಮಾ ಕಂಪನಿಯ ವಾಹನ ವಿಭಾಗದಲ್ಲಿ ಗುಮಾಸ್ತರು. ಅಪಘಾತವಾದವರು ತುಂಬಿ ಕೊಡುವ ಕ್ಲೇಮು ಫಾರಂಗಳನ್ನು ಪರಿಶೀಲಿಸುವುದು ಅವರ ಕೆಲಸ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದ್ದರಿಂದ, ಯಾವಾಗ, ಎಲ್ಲಿ, ಯಾವ ಕಾರಣದಿಂದ, ಯಾರ ಎದುರಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗದೆ ಅವರು ಏನನ್ನೂ ನಂಬುತ್ತಿರಲಿಲ್ಲ. ಹಾಲು ಉಕ್ಕಿತು ಎಂದರೆ, "ನೀನು ಆಗ ಎಲ್ಲಿದ್ದೆ?" ಎಂದು ಕೇಳುವರು. ಕೋಪದಿಂದಲ್ಲ. ಫಾರಂನಲ್ಲಿ ಆ ಕಾಲಂ ಇದೆ, ಅದಕ್ಕೆ.

ಅವರೊಳಗೆ ಕಥೆಗಾರನೊಬ್ಬ ಇದ್ದಾನೆಂದು ಕಂಡುಹಿಡಿದವರು ಶಿವಾಜಿನಗರದ ಗುಜರಿ ವ್ಯಾಪಾರಿ ಮುನಾವರ್ ಸಾಹೇಬರು. ಅವರ ಲಾರಿಯೊಂದು ಯಾವುದೋ ಗೋಡೆಗೆ ಗುದ್ದಿದಾಗ ನಮ್ಮವರು ವಿಚಾರಿಸಲು ಹೋಗಿದ್ದರು. "ನೀವು ಬರೆದಿರೋ ಹಾಗೆ ಆಗಿರೋದಕ್ಕೆ ಸಾಧ್ಯವೇ ಇಲ್ಲ. ಹೀಗೆ ಆಗಿರಬೇಕು" ಎಂದು, ಗೋಡೆಯ ಗೀರು ನೋಡಿಕೊಂಡು ಅರ್ಧ ಗಂಟೆ ವಿವರಿಸಿದರಂತೆ. ಮುನಾವರ್ ಸಾಹೇಬರಿಗೆ ಕ್ಲೇಮು ಹೋದ ಬೇಸರಕ್ಕಿಂತ ಕಥೆ ಕೇಳಿದ ಖುಷಿಯೇ ದೊಡ್ಡದಾಯಿತು.

"ಕ್ಯಾ ಬೋಲೇ ಸಾಬ್ ನೀವು! ಗೋಡೇಗೂ ಸ್ಟೋರಿ ಮಾಡ್ಬಿಟ್ರಿ! ನಾನು ಒಂದು ಫೈಟಿಂಗ್ ಪಿಕ್ಚರ್ ತೆಗೀಬೇಕು ಅಂತ ಇದೀನಿ. ಒಡೆಯೋಕೆ ಗಾಡಿ ಎಲ್ಲಾ ನನ್ನ ಹತ್ರಾನೇ ಇದೆ. ಸ್ಟೋರಿ ಒಂದೇ ಬಾಕಿ. ನೀವು ಬರ್ಕೊಡಿ."

ನಮ್ಮವರು ನಕ್ಕು ಸುಮ್ಮನೆ ಬಂದರು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದೇ ಭಾನುವಾರ ಇಂದಿರಾನಗರದ ನಮ್ಮ ಕಂಪನಿ ಕ್ವಾರ್ಟರ್ಸಿನ ಸಂಘದ ಸಭೆ ಇತ್ತು. ಎದುರು ಮನೆಯ ಕೋಕಿಲಾ ತಮ್ಮ ಯಜಮಾನರಿಗೆ ಬಡ್ತಿಯಾದ ಸುದ್ದಿಯನ್ನು ನೀರಿನ ಟ್ಯಾಂಕಿನ ಚರ್ಚೆಯ ನಡುವೆ ಮೂರು ಸಲ ತಂದರು. ಆಮೇಲೆ ನಮ್ಮವರ ಕಡೆ ತಿರುಗಿ, "ನೀವು ಇನ್ನೂ ಅದೇ ಟೇಬಲ್ಲಾ ವೆಂಕಟಸುಬ್ಬಯ್ಯನೋರೇ?" ಎಂದರು.

"ನಾನು ಒಂದು ಸಿನಿಮಾ ಬರೀತಾ ಇದೀನಿ" ಎಂದರು ನಮ್ಮವರು.

ನೀರಿನ ಟ್ಯಾಂಕಿನ ವಿಷಯ ಅಂದು ಇತ್ಯರ್ಥವಾಗಲಿಲ್ಲ.

ಹೇಳಿದ ಮೇಲೆ ಬರೆಯದೆ ವಿಧಿಯಿಲ್ಲ. ಆ ರಾತ್ರಿಯೇ ಕುಳಿತರು. ಬಿಳಿ ಹಾಳೆ ನೋಡಿದರೆ ಅವರಿಗೆ ಒಂದು ಪದವೂ ಹೊಳೆಯಲಿಲ್ಲ. ಮೂರನೆಯ ದಿನ ಆಫೀಸಿನಿಂದ ಮಿಕ್ಕ ಕ್ಲೇಮು ಫಾರಂಗಳ ಒಂದು ಕಟ್ಟು ತಂದು ಮುಂದಿಟ್ಟುಕೊಂಡರು. ಕಾಲಂಗಳು ಕಂಡದ್ದೇ ಕೈ ಓಡಲು ಶುರುವಾಯಿತು. ಹೀಗೆ ಅವರ ಚಿತ್ರಕಥೆ ದೃಶ್ಯಕ್ಕೊಂದು ಫಾರಂನಂತೆ ಬೆಳೆಯಿತು. ಸ್ಥಳ, ಸಮಯ, ವಾಹನದ ಸಂಖ್ಯೆ, ಘಟನೆಯ ವಿವರ, ಸಾಕ್ಷಿಗಳು. ವಾಹನದ ಸಂಖ್ಯೆ ಸುಳ್ಳು ಬರೆಯಲು ಮನಸ್ಸು ಒಪ್ಪದೆ ಮುನಾವರ್ ಸಾಹೇಬರ ಲಾರಿಯ ನಿಜವಾದ ಸಂಖ್ಯೆಯನ್ನೇ ಬರೆದರು. ಸಾಕ್ಷಿಗಳ ಜಾಗಕ್ಕೆ ನಮ್ಮ ಕ್ವಾರ್ಟರ್ಸಿನವರ ಹೆಸರು, ಮನೆ ನಂಬರು. ಸೊಪ್ಪು ಮಾರುವವಳನ್ನೂ ಬಿಡಲಿಲ್ಲ. ಹೆಸರು ಕಂಡವರೆಲ್ಲ ತಮಗೆ ಸಿನಿಮಾದಲ್ಲಿ ಪಾತ್ರ ಸಿಕ್ಕಿತೆಂದು ನಂಬಿದರು. ಕೋಕಿಲಾ ಹುಬ್ಬು ತಿದ್ದಿಸಿಕೊಂಡು ಬಂದರು.

ಚಿತ್ರದ ಹೆಸರು 'ಗೇಟ್ ರುದ್ರ'. ರುದ್ರ ಒಬ್ಬ ಪ್ರಾಮಾಣಿಕ ಲಾರಿ ಡ್ರೈವರು. ಕಥೆ ಅಲ್ಲಿಂದಾಚೆಗೆ ಏನಾಗಬೇಕು ಎಂಬುದು ಮಾತ್ರ ನಮ್ಮವರ ಕೈಯಲ್ಲಿರಲಿಲ್ಲ. ಅದು ಗುಜರಿ ಅಂಗಡಿಗೆ ಆ ವಾರ ಏನು ಬರುತ್ತದೆ ಎಂಬುದರ ಮೇಲೆ ನಿಂತಿತ್ತು. ಮುನಾವರ್ ಸಾಹೇಬರು ಪ್ರತಿ ಶುಕ್ರವಾರ ನಮಾಜು ಮುಗಿಸಿ, ನೇರವಾಗಿ ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂರುವರು.

"ಭಾಭಿ, ಚಾಯ್ ಬೇಡ, ಟೈಮ್ ಇಲ್ಲ" ಎಂದು ಚಹಾ ಕುಡಿಯುತ್ತ, "ಸಾಬ್, ಹರಾಜಲ್ಲಿ ಹದಿನೆಂಟು ಕಟಿಂಗ್ ಶಾಪ್ ಕುರ್ಚಿ ಸಿಕ್ತು. ತಿರುಗೋದು. ಸ್ಟೋರೀಲಿ ಹಾಕಿ."

"ಲಾರಿ ಡ್ರೈವರ್ ಕಥೇಲಿ ಹದಿನೆಂಟು ಕುರ್ಚಿ ಯಾಕೆ ಬರುತ್ತೆ ಮುನಾವರ್ ಅವರೇ? ಕಾರಣ ಬೇಕಲ್ಲ."

"ವಿಲನ್‌ಗೆ ಹದಿನೇಳು ಜನ ರೌಡಿ ಇದಾರೆ. ಎಲ್ಲಾ ಒಟ್ಟಿಗೆ ಶೇವಿಂಗ್‌ಗೆ ಬಂದಿದಾರೆ. ಸಾಕಲ್ಲ ಕಾರಣ?"

ನಮ್ಮವರು ಎರಡು ದಿನ ಯೋಚಿಸಿ, ಶೇವಿಂಗಿನ ಮಾರನೆಯ ದಿನ ವಿಲನ್‌ನ ತಂಗಿಯ ಮದುವೆ ಇತ್ತು ಎಂದು ಕಾರಣದ ಕಾಲಂ ತುಂಬಿದರು. ಅದರ ಮುಂದಿನ ಶುಕ್ರವಾರ ತೂತು ಬಿದ್ದ ದೋಣಿಯೊಂದು ಬಂತು. ವಿಲನ್ ಹಲಸೂರು ಕೆರೆಯಲ್ಲಿ ಓಡಿಹೋಗಬೇಕಾಯಿತು. ಇಷ್ಟು ಚಿಕ್ಕ ಕೆರೆಯಲ್ಲಿ ಓಡಿ ಎಲ್ಲಿಗೆ ಹೋಗುತ್ತಾನೆ ಎಂದು ನಾನು ಕೇಳಿದೆ. ಇಬ್ಬರೂ ನನ್ನನ್ನು ಒಂದು ಥರ ನೋಡಿದರು.

ಕೊನೆಗೆ ಎಲ್ಲಕ್ಕಿಂತ ದೊಡ್ಡ ದೃಶ್ಯ ಬಂತು. ರುದ್ರ ತನ್ನ ಲಾರಿಯನ್ನು ಕೆ.ಆರ್. ಪುರದ ಮುಚ್ಚಿದ ರೈಲ್ವೆ ಗೇಟಿನ ಮೇಲೆ, ಓಡುತ್ತಿರುವ ರೈಲಿನ ಮೇಲೆ ಹಾರಿಸಬೇಕು. ಆ ಗೇಟಿನಲ್ಲಿ ದಿನಕ್ಕೆರಡು ಸಲ ಮುಕ್ಕಾಲು ಗಂಟೆ ನಿಂತವರಿಗೆಲ್ಲ ಆ ಆಸೆ ಹುಟ್ಟಿಯೇ ಇರುತ್ತದೆ. ನಮ್ಮವರು ಹುರುಪಿನಿಂದ ಬರೆದರು. "ಗೇಟು ತೆರೆಯುವ ಲಕ್ಷಣ ಕಾಣದ ಕಾರಣ ಚಾಲಕನು ಸದುದ್ದೇಶದಿಂದ ವಾಹನವನ್ನು ಹಾರಿಸಿದನು. ವಾಹನವು ನೆಲ ಬಿಟ್ಟು ಮೇಲೆದ್ದಿತು." ಅಲ್ಲಿಗೆ ನಿಲ್ಲಿಸಿದರು. ಲಾರಿ ಕುರ್ಚಿಗಳ ಮೇಲೆ ಇಳಿಯಬೇಕೋ ದೋಣಿಯ ಮೇಲೆ ಇಳಿಯಬೇಕೋ ಎಂಬುದನ್ನು ಮುನಾವರ್ ಸಾಹೇಬರು ಇನ್ನೂ ತೀರ್ಮಾನಿಸಿರಲಿಲ್ಲ.

ಆ ಫಾರಂ ಅನ್ನು ನಾನು ಅಂದವಾಗಿ ನಕಲು ಮಾಡಿ ಊಟದ ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ಅವರು ಮನೆಗೆ ತಂದಿದ್ದ ಆಫೀಸಿನ ಕಡತಗಳಿದ್ದವು. ಅನ್ನ ಬಡಿಸುವ ಮುಂಚೆ ಮೇಜು ಖಾಲಿ ಮಾಡುವುದು ನನ್ನ ಅಭ್ಯಾಸ. ತುಂಬಿದ ಫಾರಂಗಳನ್ನೆಲ್ಲ ಅಂಚು ಸರಿಮಾಡಿ, ಪಿನ್ನು ಚುಚ್ಚಿ, ಆಫೀಸಿನ ಚೀಲಕ್ಕೆ ಹಾಕಿದೆ.

ಅದು ನವೆಂಬರ್ ತಿಂಗಳು. ಕನ್ನಡದಲ್ಲಿ ವ್ಯವಹರಿಸಬೇಕೆಂದು ಅವರ ಆಫೀಸಿಗೆ ಸುತ್ತೋಲೆ ಬಂದು ಎರಡು ವಾರವಾಗಿತ್ತು. ಒಂದು ಫಾರಂ ಕೂಡ ಕನ್ನಡದಲ್ಲಿ ಬಂದಿರಲಿಲ್ಲ. ಮ್ಯಾನೇಜರಿಗೆ ಇದು ಸಿಕ್ಕಿತು. ಹೆಡ್ ಆಫೀಸಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಬೇಕೇ? ಓದದೆಯೇ ಮೊಹರು ಒತ್ತಿ, "ಮಾದರಿ" ಎಂದು ಬರೆದು ಮೇಲಕ್ಕೆ ಕಳಿಸಿದರು. ಮೇಲೆ ಯಾರೋ ಓದಿದರು.

ಬುಧವಾರ ಮಧ್ಯಾಹ್ನ ಹೊಸ ಬಿಳಿ ಸ್ಕೂಟರಿನಲ್ಲಿ ಒಬ್ಬರು ಕ್ವಾರ್ಟರ್ಸಿಗೆ ಬಂದರು. ಇಸ್ತ್ರಿ ಮಾಡಿದ ಸಫಾರಿ, ಕಂಕುಳಲ್ಲಿ ಚರ್ಮದ ಚೀಲ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಹೊಸಬರು ಬಂದರೆ ನೋಡದಿರಲು ನನ್ನಿಂದ ಆಗುವುದಿಲ್ಲ. ಅವರು ಕ್ವಾರ್ಟರ್ಸಿನ ಗೇಟಿನ ಬಳಿ ಸೊಪ್ಪು ಮಾರುವ ಚಿಕ್ಕಮುನಿಯಮ್ಮನ ಮುಂದೆ ನಿಂತು ಕಾಗದ ತೆಗೆದರು.

"ನೀವ ಏನ್ರಿ ಚಿಕ್ಕಮುನಿಯಮ್ಮ? ರೈಲ್ವೆ ಗೇಟಿನ ಹತ್ರ ಲಾರಿ ಹಾರಿದ್ದಕ್ಕ ನೀವು ಸಾಕ್ಷಿ ಅಂತ ಬರದಾರ. ಏನ್ ನೋಡೀರಿ, ಹೇಳ್ರಿ."

ಚಿಕ್ಕಮುನಿಯಮ್ಮ ಕೈಯಲ್ಲಿದ್ದ ದಂಟಿನ ಕಟ್ಟು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸಿನಿಮಾದವರು ಬಂದೇ ಬರುತ್ತಾರೆಂದು ಕಾದಿದ್ದವಳು ಅವಳು.

"ಅಯ್ಯೋ ಸಾಮಿ! ಆ ಡ್ರೈವರ್ ಇದ್ನಲ್ಲ, ಕಣ್ಣು ಎರಡೂ ಕೆಂಡ! 'ಇವತ್ತು ಬುಡಾಕಿಲ್ಲ' ಅಂದ. ಲಾರಿ ಎದ್ದೇ ಬುಡ್ತು! ನನ್ ಸೊಪ್ಪೆಲ್ಲಾ ಗಾಳೀಗ್ ಹಾರೋಯ್ತು! ಇನ್ನೊಂದಪ ಯೋಳ್ಲಾ? ಇನ್ನೂ ಜೋರಾಗಿ?"

ಬಂದವರು ಬೆವರು ಒರೆಸಿಕೊಂಡು ಬರೆದುಕೊಂಡರು. ಅಷ್ಟರಲ್ಲಿ ಕೋಕಿಲಾ ರೇಷ್ಮೆ ಸೀರೆಯುಟ್ಟು ಮೆಟ್ಟಿಲಿಳಿದು ಬಂದಿದ್ದರು.

"ಅತ್ಕೊಂಡು ಹೇಳ್ಲಾ ಸಾರ್, ಇಲ್ಲಾ ದುಃಖ ತಡ್ಕೊಂಡು ಹೇಳ್ಲಾ?"

"ನಿಮಗ ಹ್ಯಾಂಗ ಬರ್ತದ ಹಂಗ ಹೇಳ್ರಿ ತಾಯಿ" ಎಂದರು ಅವರು ಮೃದುವಾಗಿ.

ಕೋಕಿಲಾ ಎರಡನ್ನೂ ಮಾಡಿ ತೋರಿಸಿದರು. ಮೂರನೆಯವರು ಮೇಲಿನ ಮನೆಯಲ್ಲಿ ಮಗನ ಜೊತೆ ಇರುವ ನಿವೃತ್ತ ಕ್ಯಾಷಿಯರು. ಅವರಿಗೆ ವಿಲನ್ ಆಗುವ ಆಸೆ. ಬನಿಯನ್ ಮೇಲೆ ಶಾಲು ಹೊದ್ದು, ಮೆಟ್ಟಿಲ ಮೇಲೆಯೇ ನಿಂತು, "ಆ ಲಾರಿ ಹಾರಿಸೋಕೆ ಹೇಳಿದ್ದು ಯಾರು ಗೊತ್ತಾ? ನಾನು! ಎಲ್ಲಾ ನನ್ನದೇ ಪ್ಲಾನು! ಹ್ಹ ಹ್ಹ ಹ್ಹಾ!" ಎಂದು ಗಹಗಹಿಸಿದರು. ಬಂದವರು ಎರಡು ಹೆಜ್ಜೆ ಹಿಂದೆ ಸರಿದು ಅದನ್ನೂ ಬರೆದು ಸಹಿ ಹಾಕಿಸಿಕೊಂಡರು. ಸಹಿ ಎಂದರೆ ಸಿನಿಮಾ ಕರಾರು ಎಂದುಕೊಂಡು ಸಾಲು ನಿಂತಿತು. ಹೆಸರಿಲ್ಲದವರೂ ಬಂದು ತಾವೂ ನೋಡಿದೆವೆಂದರು.

ಅವರು ಕಾಗದ ತಿರುಗಿಸಿದಾಗ ಅದರ ಮೇಲೆ ಬಿಸಿಲು ಬಿತ್ತು. ಅಕ್ಷರ ನನ್ನದು. ನನ್ನ ಕೈಯಲ್ಲಿದ್ದ ಸೌಟು ಸಾರಿನೊಳಗೆ ಜಾರಿತು.

ಸಂಜೆ ಆರಕ್ಕೆ ನಮ್ಮವರು ಬಂದಾಗ ಆ ಮನುಷ್ಯ ನಮ್ಮ ಸೋಫಾದ ಮೇಲೆ ಕೂತಿದ್ದರು. ಹೆಸರು ಸಾಯಬಣ್ಣ. ಊರು ಕಲಬುರ್ಗಿ ಕಡೆ. ಸುಳ್ಳು ಕ್ಲೇಮುಗಳನ್ನು ಪತ್ತೆ ಮಾಡಲು ಹೆಡ್ ಆಫೀಸು ಕಳಿಸಿದ ತನಿಖಾಧಿಕಾರಿ. ಅವರು ಹನ್ನೊಂದು ಹೇಳಿಕೆಗಳನ್ನು ಟೀಪಾಯಿಯ ಮೇಲೆ ಹರಡಿದರು. ನಮ್ಮವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದರು. ಓದುತ್ತ ಓದುತ್ತ ಅವರ ಮುಖದಲ್ಲಿ ಭಯ ಹೋಗಿ ಗೌರವ ಬಂತು.

"ಸಾರ್, ಇಷ್ಟು ಗಟ್ಟಿ ಸಾಕ್ಷಿ ನನ್ನ ಸರ್ವೀಸಿನಲ್ಲೇ ನೋಡಿಲ್ಲ" ಎಂದರು. "ಲಾರಿ ಹಾರಿತು ಅನ್ನೋದರಲ್ಲಿ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ವ್ಯತ್ಯಾಸವೇ ಇಲ್ಲ. ಇದನ್ನ ತಿರಸ್ಕರಿಸೋದು ಕಷ್ಟ."

ನಾನು ಅವರ ಕಾಲು ತುಳಿದೆ.

"ಅಂದ್ರೆ, ಇದು ನಡೆದೇ ಇಲ್ಲ ಸಾರ್. ಇದು ಸಿನಿಮಾ."

"ಸಿನಿಮಾ ಅಂತೀರಿ. ಅದರ ಕಾಗದ ತೋರಸ್ರಿ."

"ಕಾಗದ ಅದೇ ಸಾರ್. ನಿಮ್ಮ ಕೈಯಲ್ಲಿರೋದೇ."

"ಶೂಟಿಂಗ್ ಆಗ್ಯದೇನು?"

"ಇಲ್ಲ."

"ಡೈರೆಕ್ಟರ್ ಯಾರು?"

"'ಎಲ್ಲಾ ನೀವೇ ಬರೆದಿದೀರಲ್ಲ, ಡೈರೆಕ್ಟರ್ ಯಾಕೆ?' ಅಂದ್ರು ಪ್ರೊಡ್ಯೂಸರು, ಮುನಾವರ್ ಅವರು."

ಸಾಯಬಣ್ಣನವರು ಹೇಳಿಕೆಗಳನ್ನು ಒಂದರ ಮೇಲೊಂದು ಜೋಡಿಸಿದರು. "ನೋಡ್ರಿ ವೆಂಕಟಸುಬ್ಬಯ್ಯನವರ, ಹನ್ನೊಂದು ಮಂದಿ ನೋಡೀವಿ ಅಂತಾರ. ಆಗಿಲ್ಲ ಅನ್ನಾವ್ರು ನೀವೊಬ್ಬರು. ಕ್ಲೇಮು ಖರೇ ಅಂದ್ರ ಪೊಲೀಸ್ ಕೇಸ್ ಎಲ್ಲಿ ಅಂತ ಕೇಳ್ತಾರ. ಸುಳ್ಳು ಅಂದ್ರ, ಸಾಕ್ಷಿಗೆ ಪಾಠ ಹೇಳಿಕೊಟ್ಟು ಕಂಪನಿಗೆ ಮೋಸ ಮಾಡೀರಿ ಅಂತ ಆಗ್ತದ. ಸೋಮವಾರ ನಾ ರಿಪೋರ್ಟ್ ಕೊಡಬೇಕು. ಅಷ್ಟರಾಗ ಇದು ಸಿನಿಮಾ ಅಂತ ನನ್ನ ಕಣ್ಣಿಗೆ ತೋರಸ್ರಿ. ಇಲ್ಲಾಂದ್ರ ನೌಕರಿನೂ ಹೋಗ್ತದ, ಈ ಮನಿನೂ..." ಆ ಮನೆಗಾಗಿ ನಾವು ಒಂಬತ್ತು ವರ್ಷ ಕಾದಿದ್ದೆವು. ನಾನು ಅವರಿಗೆ ಎರಡನೆಯ ಲೋಟ ಕಾಫಿ ಕೊಟ್ಟೆ.

ಮುನಾವರ್ ಸಾಹೇಬರಿಗೆ ಫೋನು ಮಾಡಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅರೆ, ಇದಕ್ಕೆ ಯಾಕೆ ಟೆನ್ಶನ್? ಸಂಡೇನೇ ಶೂಟಿಂಗ್ ಇಟ್ಬಿಡೋಣ! ಆಫೀಸರ್ ಸಾಬ್‌ನೂ ಕರೀರಿ. ನಾಷ್ಟಾ ನಮ್ಮದು."

ಭಾನುವಾರ ಬೆಳಿಗ್ಗೆ ಎಂಟಕ್ಕೆ ದೊಡ್ಡನೆಕ್ಕುಂದಿಯ ಇಳಿಜಾರು ಬಯಲಿನಲ್ಲಿ 'ಗೇಟ್ ರುದ್ರ'ನಿಗೆ ತೆಂಗಿನಕಾಯಿ ಒಡೆದರು. ರೈಲ್ವೆಯವರ ಅನುಮತಿ ಸಿಗುವಂತಿರಲಿಲ್ಲವಾದ್ದರಿಂದ ಬಿದಿರಿನ ಬೊಂಬುಗಳಿಗೆ ಕೆಂಪು ಬಿಳಿ ಬಣ್ಣ ಬಳಿದು ಗೇಟು ಮಾಡಿದ್ದರು. ಲಾರಿಯನ್ನು ಇನ್ನೊಂದು ಲಾರಿ ಹಗ್ಗದಿಂದ ಎಳೆದು ತಂದು ದಿಬ್ಬದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಯಾಕೆ ಎಳೆದು ತಂದರು ಎಂದು ನನಗೆ ಅನುಮಾನ ಬಂತು. ಆದರೆ ಇಡ್ಲಿ ಬಂದದ್ದರಿಂದ ಕೇಳಲಾಗಲಿಲ್ಲ. ಕ್ವಾರ್ಟರ್ಸಿನವರೆಲ್ಲ ಹಬ್ಬದ ಉಡುಪಿನಲ್ಲಿ ಎರಡು ವ್ಯಾನಿನಲ್ಲಿ ಬಂದಿದ್ದರು. ಸಾಯಬಣ್ಣನವರು ತಮ್ಮ ಬಿಳಿ ಸ್ಕೂಟರನ್ನು ಇಳಿಜಾರಿನ ಕೆಳಗೆ ಹೊಂಗೆಮರದ ನೆರಳಲ್ಲಿ ಬಹಳ ನಾಜೂಕಾಗಿ ನಿಲ್ಲಿಸಿದರು.

ನಾಯಕ ಮುನಾವರ್ ಸಾಹೇಬರ ಬಾಮೈದ ವಕಾರ್. ಫ್ರೇಜರ್ ಟೌನಿನಲ್ಲಿ ಜಿಮ್ ನಡೆಸುತ್ತಿದ್ದ. ಮೈಕಟ್ಟು ಎಷ್ಟು ಬಿಗಿಯಾಗಿತ್ತೆಂದರೆ ಕಾಲು ಮಡಿಸಲಾಗದೆ, ಇಬ್ಬರು ಎತ್ತಿ ಲಾರಿಯೊಳಗೆ ಕೂರಿಸಬೇಕಾಯಿತು. ಕ್ಯಾಮೆರಾದವನು ಅಮೀರ್. ಅಲ್ಲಿಯವರೆಗೆ ಮದುವೆಗಳನ್ನು ಮಾತ್ರ ತೆಗೆದಿದ್ದ. ಹದಿನೇಳು ರೌಡಿಗಳನ್ನು ಎತ್ತರದ ಪ್ರಕಾರ ಎರಡು ಸಾಲು ನಿಲ್ಲಿಸಿ, "ಸ್ವಲ್ಪ ಹತ್ರ ಹತ್ರ ಬನ್ನಿ, ನಗಿ ಸಾರ್, ಕತ್ತಿ ಸ್ವಲ್ಪ ಕೆಳಗೆ. ಹುಡುಗಿ ಕಡೆಯೋರು ಯಾರು?" ಎನ್ನುತ್ತಿದ್ದ.

"ಎಲ್ಲಾ ಆತು, ನಾ ಮೊದಲ ವಾಹನ ನೋಡಬೇಕ್ರಿ" ಎಂದರು ಸಾಯಬಣ್ಣ. ಎಂಜಿನ್ ನಂಬರು ತಾಳೆ ನೋಡುವುದು ತನಿಖೆಯ ಮೊದಲ ನಿಯಮ.

"ಬೇಡಿ ಸಾಬ್, ಗ್ರೀಸ್ ಆಗ್ತದೆ ಕೈಗೆ" ಎಂದು ಮುನಾವರ್ ಸಾಹೇಬರು ಅಡ್ಡ ನಿಂತರು. ಅವರ ದನಿ ಮೊದಲ ಸಲ ಸಣ್ಣದಾಗಿತ್ತು. ಸಾಯಬಣ್ಣನವರು ಅವರನ್ನು ಪಕ್ಕಕ್ಕೆ ಸರಿಸಿ ಬಾನೆಟ್ ಎತ್ತಿದರು.

ಒಳಗೆ ಹುಲ್ಲಿತ್ತು. ಹುಲ್ಲಿನ ಮೇಲೆ ಒಂದು ಕೋಳಿ ಕೂತಿತ್ತು.

"ಎಂಜಿನ್ ಎಲ್ಲೈತ್ರಿ?"

"ಬಕ್ರೀದ್‌ಗೆ ಮುಂಚೇನೇ ಮಾರ್ಬಿಟ್ಟೆ ಸಾಬ್. ಮೆಲ್ಲಗೆ ಮುಚ್ಚಿ, ಮೂರು ಮೊಟ್ಟೆ ಇದೆ."

ನಮ್ಮವರು ಬಾನೆಟ್ಟಿನೊಳಗೆ ಬಗ್ಗಿ ನೋಡಿದರು. "ಮುನಾವರ್ ಅವರೇ, ಎಂಜಿನ್ನೇ ಇಲ್ಲದ ಲಾರೀನ ನಾನು ರೈಲಿನ ಮೇಲೆ ಹಾರಿಸಿದೆನಾ?"

"ಇಳಿಜಾರಲ್ಲಿ ಬಿಟ್ರೆ ಓಡ್ತದೆ ಅಂದ್ಕೊಂಡೆ. ನಿಮಗೆ ಹೇಳಿದ್ರೆ ಕಾರಣ ಕೇಳ್ತಿದ್ರಿ."

ಆದರೆ ಸಾಯಬಣ್ಣನವರ ಮುಖ ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅರಳಿತು. ಲಾರಿಯ ಮಡ್‌ಗಾರ್ಡಿನ ಮೇಲೆ ಕಾಗದವಿಟ್ಟು, ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದರು. "ಸದರಿ ವಾಹನಕ್ಕೆ ಎಂಜಿನ್ ಇರುವುದಿಲ್ಲ. ಅದು ನಿಂತ ಜಾಗದಿಂದ ಒಂದಂಗುಲವೂ ತಾನಾಗಿ ಚಲಿಸಲು ಸಾಧ್ಯವಿಲ್ಲ. ಆದ್ದರಿಂದ ಹಾರಿರುವುದಿಲ್ಲ. ಸದರಿ ಬರಹವು ಸಿನಿಮಾಕ್ಕಾಗಿ ಬರೆದ ಕಟ್ಟುಕಥೆಯೆಂದು ಖಚಿತಪಟ್ಟಿದೆ."

ನೌಕರಿ ಉಳಿಯಿತೆಂದು ನನಗೆ ಸಮಾಧಾನವಾಯಿತು. ಕೋಕಿಲಾ ಮಾತ್ರ ಮುಂದೆ ನುಗ್ಗಿದರು. "ಅದ್ಹೇಗ್ರೀ ಹಾರಿಲ್ಲ ಅಂತೀರಾ? ನಾನು ನೋಡಿದೀನಿ ಅಂತ ಸಹಿ ಹಾಕಿದೀನಿ! ಎಂಜಿನ್ ಇಲ್ದಿದ್ರೇನಂತೆ? ನನ್ನ ಪಾರ್ಟು ತೆಗೀಬೇಡಿ!"

"ಬುಡಬ್ಯಾಡಿ ಕೋಕಿಲಮ್ಮ, ನಾನೂ ನೋಡಿವ್ನಿ!" ಎಂದಳು ಚಿಕ್ಕಮುನಿಯಮ್ಮ.

ಈ ಮನುಷ್ಯ ಸಿನಿಮಾದವರಲ್ಲ, ವಿಮಾ ಕಂಪನಿಯ ತನಿಖಾಧಿಕಾರಿ ಎಂದು ನಾನು ಆಗ ಬಿಡಿಸಿ ಹೇಳಬೇಕಾಯಿತು. ಎಲ್ಲರಿಗಿಂತ ಮೊದಲು ನಿವೃತ್ತ ಕ್ಯಾಷಿಯರು ಶಾಲು ಸರಿಮಾಡಿಕೊಂಡು, "ನಾನು ಆವತ್ತು ಊರಲ್ಲೇ ಇರ್ಲಿಲ್ಲ ಸಾರ್" ಎಂದರು. ಸಾಯಬಣ್ಣನವರು ಹನ್ನೊಂದು ಹೇಳಿಕೆಗಳನ್ನೂ ಹರಿದು ಚೂರು ಮಾಡಿದರು. ಹೊಸ ರಿಪೋರ್ಟಿನ ಕೆಳಗೆ ನಾವೆಲ್ಲ ಒಬ್ಬೊಬ್ಬರಾಗಿ ಸಹಿ ಹಾಕಿದೆವು.

ಬಿಸಿಲು ಏರುತ್ತಿತ್ತು. ಬಾಡಿಗೆ ಕ್ಯಾಮೆರಾ. ಇಷ್ಟೆಲ್ಲ ಮಾಡಿ ಒಂದು ಶಾಟ್ ಕೂಡ ತೆಗೆಯದೆ ಹೋಗುವುದೇ? ಮುನಾವರ್ ಸಾಹೇಬರು ಕೈ ಮೇಲೆತ್ತಿ, "ಕಲ್ಲು ತೆಗೀರೋ! ಆಕ್ಷನ್!" ಎಂದರು.

ಒಂದಂಗುಲವೂ ಚಲಿಸಲಾಗದ ಲಾರಿ ಚಲಿಸಿತು. ಓಡಲಿಲ್ಲ. ತುಂಬು ಬಸುರಿಯಂತೆ ನಿಧಾನವಾಗಿ, ಒಂದೊಂದೇ ಹೆಜ್ಜೆ ಇಟ್ಟು ಇಳಿಯಿತು. ಒಳಗಿನಿಂದ ವಕಾರ್, ಬರೆದುಕೊಟ್ಟ ಸಂಭಾಷಣೆ ಬಿಟ್ಟು, "ಅಮ್ಮೀ! ಅಮ್ಮೀ!" ಎಂದು ಕೂಗುತ್ತಿದ್ದ. ಬಾನೆಟ್ಟಿನಿಂದ ಕೋಳಿ ಹೊರಹಾರಿತು. ಆ ದಿನ ಅಲ್ಲಿ ನೆಲ ಬಿಟ್ಟು ಮೇಲೆದ್ದದ್ದು ಅದೊಂದೇ. ಲಾರಿ ಬಿದಿರಿನ ಗೇಟನ್ನು ತಳ್ಳಿಕೊಂಡು, ರೌಡಿಗಳ ಎರಡು ಸಾಲನ್ನು ಚದುರಿಸಿ, ಹೊಂಗೆಮರದ ನೆರಳಿಗೆ ಹೋಗಿ, ಸಾಯಬಣ್ಣನವರ ಸ್ಕೂಟರಿನ ಮೇಲೆ ಮೆಲ್ಲಗೆ ಒರಗಿ ನಿಂತಿತು. ಸ್ಕೂಟರು ಚಪಾತಿಯಾಯಿತು.

"ಸೂಪರ್! ಎಲ್ಲಾ ಬಂತು!" ಎಂದ ಅಮೀರ್.

ನಾವು ಓಡಿಹೋಗಿ ಸುತ್ತ ನಿಂತೆವು. ನಮ್ಮವರು ಹತ್ತೊಂಬತ್ತು ವರ್ಷದ ಅಭ್ಯಾಸದಂತೆ ಚೀಲದಿಂದ ಒಂದು ಕ್ಲೇಮು ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, "ಕಾರಣ ಏನಂತ ಬರೀಲಿ ಸಾರ್?" ಎಂದರು.

ಸಾಯಬಣ್ಣನವರು ಸ್ಕೂಟರನ್ನು ನೋಡಿದರು. ಕೈಯಲ್ಲಿದ್ದ ರಿಪೋರ್ಟು ನೋಡಿದರು. ಚಲಿಸಲು ಸಾಧ್ಯವಿಲ್ಲ ಎಂದು ತಾವೇ ಬರೆದು, ನಮ್ಮೆಲ್ಲರ ಸಹಿ ಹಾಕಿಸಿದ ಕಾಗದ. ಅದು ಇರುವವರೆಗೆ ಈ ಲಾರಿ ಅವರ ಸ್ಕೂಟರನ್ನು ಮುಟ್ಟಿಲ್ಲ. ಅದನ್ನು ಹರಿದರೆ ಸ್ಕೂಟರಿಗೆ ಪರಿಹಾರ ಸಿಗುತ್ತದೆ, ನಮ್ಮವರ ನೌಕರಿ ಹೋಗುತ್ತದೆ. ಅವರ ಹೆಬ್ಬೆರಳು ಕಾಗದದ ಅಂಚಿಗೆ ಬಂದದ್ದನ್ನು ನಾನು ನೋಡಿದೆ.

ಅವರು ಕಾಗದವನ್ನು ಎರಡು ಮಡಿಕೆ ಮಾಡಿದರು. ಮತ್ತೆ ಎರಡು. ಸಫಾರಿಯ ಜೇಬಿಗಿಟ್ಟು ಗುಂಡಿ ಹಾಕಿದರು.

"ವೆಂಕಟಸುಬ್ಬಯ್ಯನವರ, ನಿಮಗ ಕೈ ಮುಗೀತೀನಿ. ಏನೂ ಬರೀಬ್ಯಾಡ್ರಿ."

"ಹೊಸ ಸ್ಕೂಟರು ಸಾರ್..."

"ಬಣ್ಣ ನನಗೂ ಅಷ್ಟು ಸೇರಿದ್ದಿಲ್ಲ ಬಿಡ್ರಿ." ಸ್ವಲ್ಪ ದೂರ ಹೋಗಿ ಅವರು ಮತ್ತೆ ತಿರುಗಿ ಬಂದರು. ಯಾರಿಗೂ ಕೇಳದಂತೆ ದನಿ ತಗ್ಗಿಸಿದರು. ನಾನು ಪಕ್ಕದಲ್ಲೇ ಇದ್ದದ್ದರಿಂದ ಕೇಳಿಸಿತು. "ಒಂದು ಮಾತು ಹೇಳ್ರಿ. ನಿಮ್ಮ ಫಾರಂನಾಗ ಲಾರಿ ಮ್ಯಾಲ ಎದ್ದಿತು ಅಂತ ಬರದು ಬಿಟ್ಟೀರಿ. ನಾಕು ದಿನ ಆತು, ನನಗ ನಿದ್ದಿಲ್ಲ. ರುದ್ರ ಬದುಕಿದನೋ ಇಲ್ಲೋ? ಲಾರಿ ಎಲ್ಲಿ ಇಳೀತು?"

ನಮ್ಮವರು ಯೋಚಿಸಿದರು. ಲಾರಿ ಇಳಿದ ಸ್ಥಳಕ್ಕೆ ಫಾರಂನಲ್ಲಿ ಕಾಲಂ ಇಲ್ಲ, ಸಾಕ್ಷಿಗಳಿಲ್ಲ, ಮುನಾವರ್ ಸಾಹೇಬರು ದೂರದಲ್ಲಿ ಕೋಳಿ ಹಿಡಿಯುತ್ತಿದ್ದರು.

"ಇನ್ನೂ ಇಳಿದಿಲ್ಲ ಸಾರ್" ಎಂದರು.

ಸಾಯಬಣ್ಣನವರು ಆ ಉತ್ತರವನ್ನು ಪರಿಶೀಲಿಸಿ, ತಲೆಯಾಡಿಸಿ ಒಪ್ಪಿಕೊಂಡರು. ಆಮೇಲೆ ವೈಟ್‌ಫೀಲ್ಡ್ ಕಡೆಯಿಂದ ಬರುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಚಿಕ್ಕಮುನಿಯಮ್ಮನನ್ನು ವಿಚಾರಿಸುತ್ತ ರಸ್ತೆಯ ಕಡೆ ನಡೆದರು.